ತುಟಿ ಬಿಚ್ಚದ ಕವಾಟ

ಮಸೂರದಡಿ ಏನೋ ಕಪ್ಪಗೆ ಅಲುಗಿತು, ಧೂಳಿರಬೇಕು, ಅಲ್ಲ, ತನ್ನದೇ ರೆಪ್ಪೆ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಾಗಲೆಲ್ಲ ಮೊದಲು ಅಡ್ಡ ಬರುವುದು ಅದೇ, ಒದ್ದೆಯಾಗಿದ್ದರೆ ಇನ್ನೂ ದಪ್ಪ — ಒರೆಸಿಕೊಂಡಳು, ತಿರುಪು ತಿರುಗಿಸಿದಳು, ಈಗ ಕಂಡಿತು, ಅಪ್ಪನ ಅಂಗುಳದ ಅಚ್ಚಿನ ಮೇಲೆ ತಾನೇ ಎರಕ ಹೊಯ್ದ ತಟ್ಟೆ, ಉಗುರಿನಷ್ಟು ತೆಳುವು, ಒಳಗೆ ಕೂದಲಿಗಿಂತ ಸಣ್ಣ ಕಾಲುವೆಗಳು, ಅವುಗಳ ತಲೆಗೊಂದು ಮೆತ್ತನೆಯ ತೊಟ್ಟಿ, ಕೊನೆಗೊಂದು ಕವಾಟ. ನಾಲಿಗೆಯಿಂದ ತೊಟ್ಟಿ ಒತ್ತಿದರೆ ಕವಾಟ ತುಟಿ ಬಿಚ್ಚಬೇಕು, ಒಂದು ಹನಿ ಕೃತಕ ಎಂಜಲು ಬಾಯಿಗಿಳಿಯಬೇಕು, ಅಷ್ಟೇ ಅದರ ಕೆಲಸ, ಅಷ್ಟಕ್ಕೇ ಅವಳ ತಲೆಯಲ್ಲಿ ಬಿಳಿಕೂದಲು. ಗಂಟಲಿಗೆ ಕೊಟ್ಟ ಕಿರಣಗಳು ಗಡ್ಡೆಯ ಜೊತೆಗೆ ಅಪ್ಪನ ಬಾಯಿಯ ನೀರನ್ನೂ ಸುಟ್ಟುಬಿಟ್ಟಿದ್ದವು, ನಾಲಿಗೆ ಅಂಗುಳಕ್ಕೆ ಅಂಟಿ, ಬಿಡಿಸಿಕೊಂಡರೆ ಚರ್ಮ ಕಿತ್ತಂತೆ ಸದ್ದು. ಈಗ ಅಪ್ಪ ಇಲ್ಲ. ಅತ್ತೆ, ಕೊನೆಯವರೆಗೆ ಅಣ್ಣನನ್ನು ನೋಡಿಕೊಂಡವಳು, ತಟ್ಟೆಯನ್ನು ತೊಳೆದು ಡಬ್ಬಿಯಲ್ಲಿ ಕಳಿಸಿದ್ದಾಳೆ. ಮಗಳು ನೋಡಬೇಕಿರುವುದು ಬೇರೇನಲ್ಲ, ತನ್ನ ಕೈಯ ಕೆಲಸ ಅಪ್ಪನ ನಾಲಿಗೆಯನ್ನು ತಣ್ಣಗಿಟ್ಟಿತ್ತು ಅನ್ನುವುದೊಂದನ್ನು, ಕಣ್ಣಾರೆ, ಒಂದು ಸಲ. ಇಟ್ಟಿತ್ತಲ್ಲ, ಕಿವಿಯಾರೆ ಕೇಳಿದ್ದಾಳಲ್ಲ, ಅಪ್ಪ ಮಾತಾಡಿದನಲ್ಲ, ಮಾತೇನು, ಆಟವನ್ನೇ ಆಡಿದ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವನು, ಊರಿನ ಗಂಟಲುಗಳೆಲ್ಲ ಅವನ ಕಿವಿ ಹಾದು ಹೋಗುವಾಗ ಒಂದೊಂದು ನಕಲು ಬಿಟ್ಟು ಹೋಗಿದ್ದವು, ಅವಳ ಗಣಿತದ ಮೇಷ್ಟ್ರ ಕೆಮ್ಮು, ಪಕ್ಕದ ಮನೆಯ ಗೇಟಿನ ಕಿರುಗುಟ್ಟು, ಗೇಟನ್ನೂ ಬಿಟ್ಟವನಲ್ಲ. ತಟ್ಟೆ ಹಾಕಿಸಿಕೊಂಡ ಮೇಲೆ ಅವಳು ಮೊದಲ ಸಲ ಮನೆಗೆ ಹೋದಾಗ ದಿಂಬಿಗೊರಗಿ ಕೂತಿದ್ದ, ಬಾರಮ್ಮಾ ಎಂಜಲಿನಿಯರೇ, ಅಂದ, ಬಾಯಲ್ಲಿ ನೀರೂರಿಸೋ ಕಸುಬು ಅಡಿಗೆಯವರದು ಅಂದ್ಕೊಂಡಿದ್ದೆ — ಸ್ಪಷ್ಟವಾಗಿ, ಒತ್ತಕ್ಷರ ಸಮೇತ. ಆಮೇಲೆ ಹಲ್ಲಿನ ಡಾಕ್ಟರಾದ, ಮೂಗಿನಲ್ಲೇ, ಆ ಅನ್ನಿ ಸಾರ್, ಇನ್ನೂ ಆ ಅನ್ನಿ. ಬಾಯಿ ತುಂಬ ಕೈ ಇಟ್ಕೊಂಡು ನಿಮಗೆ ಮಕ್ಕಳೆಷ್ಟು ಅಂತ ಕೇಳ್ತಾನೆ ಕಣೇ, ಆ, ಆ ಅಂದೆ, ಓ ಎರಡಾ ಅಂದ, ನಿಂಗೊಬ್ಬ ತಮ್ಮ ಹುಟ್ಟಿಬಿಟ್ಟ ಅಲ್ಲೇ. ಅವಳು ನಕ್ಕೂ ನಕ್ಕೂ ಮಂಚದ ಕಾಲಿಗೆ ಆತುಕೊಂಡಳು. ಫೋನಿನಲ್ಲಷ್ಟೇ ಕೇಳಿದ್ದ ಅವಳ ಪ್ರೊಫೆಸರನೂ ಆದ, ಭಾವನೆ ಬೇಡಮ್ಮ, ಡೇಟಾ ತಗೊಂಬಾ. ಡೇಟಾ ಎದುರಿಗೇ ಇತ್ತು, ಮಂಚದ ಮೇಲೆ, ನಗುತ್ತಾ. ಅವಳು ಬಾಯಿಯನ್ನು ನೋಡಲೇ ಇಲ್ಲ, ಅವನು ಯಾರಾಗುತ್ತಿದ್ದಾನೆ ಅನ್ನುವುದನ್ನು ನೋಡುತ್ತಿದ್ದಳು.

ತೊಟ್ಟಿ ತುಂಬಿದೆ, ನೀಲಿ, ತುಂಬಿದ್ದು ತಿಳಿಯಲೆಂದು ತಾನೇ ಬೆರೆಸಿದ ತಿನ್ನುವ ಬಣ್ಣ. ಅತ್ತೆ ತುಂಬಿಸಿರಬೇಕು, ತಾನೇ ಸಿರಿಂಜು ಕೊಟ್ಟು ಕಲಿಸಿಬಂದಿದ್ದಳಲ್ಲ, ಕೊನೆಯ ದಿನವೂ ತುಂಬಿಸಿರಬೇಕು, ಪಾಪ — ಆದರೆ ಕಾಲುವೆಯ ಕೊನೆ, ಕವಾಟದ ಹತ್ತಿರ, ನೀಲಿ ಅಲ್ಲಿಗೇ ನಿಂತಿದೆ, ಆಚೆ ಒಂದು ಚುಕ್ಕೆಯೂ ಇಲ್ಲ. ತಿರುಪು ಇನ್ನಷ್ಟು. ಕವಾಟದ ಎರಡು ತುಟಿಗಳ ನಡುವೆ ಒಂದು ಗೆರೆ, ಅವಳಿಗೆ ಆ ಗೆರೆ ಗೊತ್ತು, ಎರಕದಿಂದ ಬಂದ ಹೊಸ ಕವಾಟದ ತುಟಿ ಅಂಟಿಕೊಂಡೇ ಇರುತ್ತದೆ, ಮೊದಲ ಸಲ ಜೋರಾಗಿ ಒತ್ತಿ ಬಿಡಿಸಬೇಕು, ಬಿಟ್ಟಿತೋ ಗೆರೆ ಹರಿಯುತ್ತದೆ, ಮತ್ತೆ ಕೂಡುವುದಿಲ್ಲ. ಹರಿದಿಲ್ಲ. ಅದಕ್ಕೆಂದೇ ಪ್ರತಿ ತಟ್ಟೆಯನ್ನೂ ಮೊದಲು ಮೂಲೆಯ ಯಂತ್ರಕ್ಕೆ ಕೊಡುವುದು, ಮೋಟಾರಿಗೆ ಕಟ್ಟಿದ ಉಕ್ಕಿನ ನಾಲಿಗೆ, ಹಗಲಿಡೀ ನಾಲಿಗೆ ಆಡಿಸುತ್ತದೆಂದು ಲ್ಯಾಬಿನವರು ಅದಕ್ಕೆ ಚಾಡಿಕೋರ ಅಂತ ಹೆಸರಿಟ್ಟಿದ್ದಾರೆ, ಪ್ರತಿ ತಟ್ಟೆಯನ್ನೂ, ಅಪ್ಪನದೊಂದನ್ನು ಬಿಟ್ಟು. ಅಪ್ಪನದನ್ನು ಮಾತ್ರ ಅವಳು ಕೊಡಲಿಲ್ಲ, ಗ್ರೀಸು ಮೆತ್ತಿದ ಚಾಡಿಕೋರ ಎಂಜಲು ಮಾಡಿದ್ದನ್ನು ಅಪ್ಪನ ಬಾಯಿಗಿಡುವುದೇ ಅನ್ನಿಸಿತ್ತು, ಹೊಸದನ್ನು, ಯಾರೂ ಮುಟ್ಟದ್ದನ್ನು, ತೊಳೆದು, ಬಿಳಿ ಬಟ್ಟೆಯಲ್ಲಿ ಸುತ್ತಿ. ಬಿಡಿಸಲು ಆ ಸುಟ್ಟ ನಾಲಿಗೆಗೆ ಬಲವೆಲ್ಲಿತ್ತು. ಉಗುರಿನಿಂದ ಒಂದು ಸಲ ಒತ್ತಿದ್ದರೆ ಸಾಕಿತ್ತು, ಅವಳ ಈ ಹೆಬ್ಬೆರಳು, ಒಂದೇ ಸಲ. ಹಾಗಾದರೆ ಆ ಮಾತು, ಆ ಡಾಕ್ಟರು, ಆ ಪ್ರೊಫೆಸರು, ಅಷ್ಟು ನೀರು ಎಲ್ಲಿಂದ ಬಂತು — ಫೋನು ಕೈಗೆ ಬಂತು, ಅತ್ತೆ, ಒಂದು ಕೇಳ್ತೀನಿ, ಆ ತಟ್ಟೆಯಿಂದ ಹನಿ ಬರ್ತಿತ್ತಾ. ಆ ಕಡೆ ಪಾತ್ರೆಯ ಸದ್ದು ನಿಂತಿತು. ಊಟ ಮಾಡಿದ್ಯಾ ಪುಟ್ಟಿ. ಅತ್ತೆ. ನಿಂಗೆ ಹೇಳ್ಬೇಡ ಅಂದಿದ್ದ ಕಣೇ. ಮೊದಲನೇ ದಿನಾನೇ ಒತ್ತಿದ, ಒತ್ತಿದ, ಏನೂ ಬರ್ಲಿಲ್ಲ, ನೀ ತುಂಬಿಸಿ ಕೊಟ್ಟಿದ್ದೇ ಒಳಗಿರೋದು, ಸಿರಿಂಜು ಮುಟ್ಟೇ ಇಲ್ಲ, ಹಾಗೇ ಇದೆ. ಅವಳಿಗೆ ಹೇಳೋಣ, ಸರಿ ಮಾಡ್ಕೊಡ್ತಾಳೆ ಅಂತ ನಾನು ಬಡ್ಕೊಂಡೆ. ಬೇಡ, ತಟ್ಟೆ ತಂದಾಗ ಅವಳ ಮುಖ ನೋಡಿದ್ಯಾ ನೀನು, ಅಂದ. ನಿನ್ನ ಸ್ಕೂಟರ್ ಸದ್ದು ಕೇಳಿದ್ರೆ ಸಾಕು, ಒದ್ದೆ ಬಟ್ಟೆ ಕೊಡೇ ಬೇಗ ಅಂತ ಸನ್ನೆ ಮಾಡೋನು, ನಾಲಿಗೆಗೆ ಒತ್ಕೊಂಡು ಬಾಗಿಲ ಕಡೆ ಕಿವಿಗೊಟ್ಟು ಕೂತಿರೋನು, ನೀನು ಮೆಟ್ಟಿಲು ಹತ್ತಿ ಬರೋವರೆಗೂ. ನೀನು ಹೋದ್ಮೇಲೆ ಮಾತೇ ಇಲ್ಲ, ನಾಲಿಗೆ ಸೀಳಿ ರಕ್ತ ಬರೋದು. ಆದ್ರೂ ಖುಷಿ ಅವನಿಗೆ, ನಕ್ಕಳು ನೋಡು, ನಕ್ಕಳು ಅಂತ ಬರೆದು ತೋರಿಸೋನು. ಪುಟ್ಟಿ, ಇದೀಯಾ. ಇದ್ದಾಳೆ, ಇದ್ದಾಳೆ, ಗೇಟಿನಾಚೆ ಇದ್ದಾಳೆ, ಸ್ಕೂಟರು ನಿಲ್ಲಿಸುತ್ತಿದ್ದಾಳೆ, ಏನು ಆತುರ, ಹೆಲ್ಮೆಟ್ಟಿನ ಪಟ್ಟಿ ಸಿಕ್ಕಿಕೊಂಡಿದೆ ಬಿಡಿಸುತ್ತಿದ್ದಾಳೆ, ಒಳಗೆ ಅಪ್ಪ ಒದ್ದೆ ಬಟ್ಟೆಯನ್ನು ನಾಲಿಗೆಗೆ ಒತ್ತಿಕೊಂಡು ಬಾಗಿಲ ಕಡೆ ಕಿವಿಗೊಟ್ಟು ಕೂತಿದ್ದಾನೆ, ಅವಳು ಚಪ್ಪಲಿ ಬಿಡುತ್ತಾಳೆ, ಒಳಗೆ ಅಪ್ಪ ಒದ್ದೆ ಬಟ್ಟೆಯನ್ನು ನಾಲಿಗೆಗೆ ಒತ್ತಿಕೊಂಡು, ಮೊದಲ ಮೆಟ್ಟಿಲು, ಒಳಗೆ ಅಪ್ಪ, ಒದ್ದೆ ಬಟ್ಟೆ, ನಾಲಿಗೆ, ಬಾಗಿಲ ಕಡೆ ಕಿವಿ —