ಡೂಯಿಯ ಕಾಲು ಮುರಿದ ಕಾರು

ಅದು ಶುರುವಾದದ್ದು ಸೆಪ್ಟೆಂಬರಿನಲ್ಲಿ, ದ್ರಾಕ್ಷಿ ಒಣಹಾಕುವ ಕಾಲದಲ್ಲಿ, ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ. ಬಳ್ಳಿಸಾಲುಗಳ ನಡುವೆ ಕಾಗದದ ಮೇಲೆ ಹರಡಿದ ಹಣ್ಣು ಬಿಸಿಲಿಗೆ ಸುಕ್ಕುಗಟ್ಟುತ್ತಿತ್ತು. ಊರೆಲ್ಲ ಬೆಲ್ಲ ಕಾಯಿಸಿದ ಹಾಗೆ ವಾಸನೆ. ಫ್ರೆಸ್ನೋ ಪಟ್ಟಣದಿಂದ ದಕ್ಷಿಣಕ್ಕೆ ಅರ್ಧ ಗಂಟೆ ದಾರಿಯಲ್ಲಿ ಆರ್ವಲ್ ಟ್ಯಾಕೆಟ್‌ನ ಗ್ಯಾರೇಜು. ಅದರ ಮುಂದೆ ಒಂದು ಬಾಡಿಗೆ ಲಾರಿ ಬಂದು ನಿಂತಿತು. ಲಾರಿಯ ಮೇಲೆ ಟಾರ್ಪಾಲು ಹೊದಿಸಿದ ಏನೋ ಒಂದು.

ಲಾರಿಯಿಂದ ಇಳಿದವನು ಪ್ರೂಯಿಟ್ ಅಂತ. ಬಿಳಿ ಅಂಗಿ, ಟೈ. ರಸ್ತೆಯಲ್ಲಿ ಜೋರಾಗಿ ಓಡಿಸಬೇಡಿ ಎಂದು ಹೈಸ್ಕೂಲು ಹುಡುಗರಿಗೆ ಬುದ್ಧಿ ಹೇಳುತ್ತಾ ಊರೂರು ತಿರುಗುವುದು ಅವನ ಕೆಲಸ. ಟಾರ್ಪಾಲು ಎಳೆದ. ಒಳಗೆ ನಜ್ಜುಗುಜ್ಜಾದ ಒಂದು ಬೆಳ್ಳಿ ಬಣ್ಣದ ಪುಟ್ಟ ಕಾರು.

"ಯಾರದ್ದು ಗೊತ್ತಾಯ್ತಾ?" ಅಂದ.

ಗೊತ್ತಾಗದೆ ಏನು? ಟಾಡ್ ಮೆರಿಕ್ ಸತ್ತ ಕಾರು. ಮೂರೇ ಸಿನಿಮಾ ಮಾಡಿ, ಇಪ್ಪತ್ತೈದು ತುಂಬುವ ಮುಂಚೆ, ಪಶ್ಚಿಮದ ಬೋಳುಗುಡ್ಡಗಳ ಹತ್ತಿರ ದಾರಿ ಕೂಡುವ ಕಡೆ ಹೋಗಿಬಿಟ್ಟಿದ್ದ ಹುಡುಗ. ಊರಿನ ಹೆಣ್ಣುಮಕ್ಕಳು ಎರಡು ವರ್ಷ ಅವನ ಪಟ ಇಟ್ಟುಕೊಂಡು ಅತ್ತಿದ್ದರು. ಕಾರಿನ ಇಂಜಿನ್ನನ್ನು ಯಾರೋ ಆಗಲೇ ಬಿಚ್ಚಿ ಒಯ್ದಿದ್ದರು, ಉಳಿದದ್ದು ಬರೀ ಮೈ. ಅದನ್ನು ಹುಡುಗರ ಮುಂದೆ ಓರೆಯಾಗಿ ನಿಲ್ಲಿಸಿ ತೋರಿಸಲು ಅಡಿಗೆ ಒಂದು ಕಬ್ಬಿಣದ ಚೌಕಟ್ಟು ಬೆಸೆದುಕೊಡಬೇಕು ಎಂದು ಪ್ರೂಯಿಟ್ ಕೇಳಿದ.

ಆರ್ವಲ್ ಒಪ್ಪಿಕೊಂಡ. ಆಗ ಅವನಿಗೆ ಐವತ್ತೆರಡು. ಜೊತೆಗೆ ಕೆಲಸ ಮಾಡುತ್ತಿದ್ದವನು ಹೆಂಡತಿ ಮೌಡಿಯ ತಮ್ಮ ಡೂಯಿ. ಬರಗಾಲದಲ್ಲಿ ಹೊಲವೆಲ್ಲ ಧೂಳಾದ ಒಕ್ಲಹೋಮ ಬಿಟ್ಟು ಇವರೆಲ್ಲ ಹೊರಟು ಬಂದಾಗ ಡೂಯಿಗೆ ನಾಲ್ಕು ವರ್ಷ. ಅವರ ತಾಯಿ ದಾರಿಯಲ್ಲೇ ತೀರಿಕೊಂಡಳು. ಅಲ್ಲಿಂದ ಇಲ್ಲಿಯವರೆಗೂ ಮೌಡಿ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದವಳು. ಗಾಡಿಯ ಕೆಳಗೆ ಮಲಗಿ ಸದ್ದು ಕೇಳಿಯೇ ರೋಗ ಹೇಳುವ ಕೈಗುಣ ಅವನದು. ಅದನ್ನು ಕಲಿಸಿದವನು ಆರ್ವಲ್ಲೇ.

ಆ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇತ್ತು. ಒಬ್ಬ ಜಾಕ್ ಕೊಟ್ಟು ಗಾಡಿ ಎತ್ತಬೇಕು, ಎತ್ತಿದವನೇ, ಜಾಕ್ ಜಾರಿದರೂ ಗಾಡಿ ಬೀಳದ ಹಾಗೆ, ಅಡಿಗೆ ಓಕ್ ಮರದ ದಿಮ್ಮಿ ಇಟ್ಟು, "ದಿಮ್ಮಿ ಇದೆ" ಎಂದು ಕೂಗಬೇಕು. ಆ ಕೂಗು ಕೇಳಿದ ಮೇಲೆಯೇ ಇನ್ನೊಬ್ಬ ಒಳಗೆ ನುಸುಳುವುದು. ಬಗ್ಗಿ ನೋಡುವ ಹಾಗಿಲ್ಲ. ನೋಡಿದರೆ ಕೂಗಿದವನಿಗೆ ಅವಮಾನ.

ಮಾರನೆಯ ದಿನ ಕಾರು ನೋಡಲು ಅರ್ಧ ಊರೇ ಬಾಗಿಲಲ್ಲಿ ನೆರೆದಿತ್ತು. ದ್ರಾಕ್ಷಿ ತೋಟದ ಹಾಗೋಪ್ ಬಾರ್ಸಾಮಿಯನ್ ಎಲ್ಲರಿಗಿಂತ ಮುಂದೆ.

"ಆರ್ವಲ್, ಇದನ್ನ ರಿಪೇರಿ ಮಾಡಿ ನನಗೇ ಕೊಡೋ. ನಮ್ಮತ್ತೆಯನ್ನ ಒಂದು ಸುತ್ತು ಕರ್ಕೊಂಡ್ ಹೋಗ್ತೀನಿ," ಅಂದ. ಜನ ನಕ್ಕರು. ಆರ್ವಲ್ಲೂ ನಗುತ್ತಾ ತಿರುಗಿ, "ನಿಮ್ಮತ್ತೆ ಓಡಿಸಿದ್ರೆ ಕಾರಿನ ಗತಿಯೇನು?" ಎಂದು ಉತ್ತರ ಕೊಟ್ಟ. ಕೈ ಆ ಕಾರಿನ ಅಡಿಯ ಜಾಕ್ ಒತ್ತುತ್ತಲೇ ಇತ್ತು. ಇಪ್ಪತ್ತು ವರ್ಷದ ರೂಢಿ. ಗಾಡಿ ಎದ್ದಿತು, ಬಾಯಿ ತಾನಾಗಿ ಕೂಗಿತು: "ದಿಮ್ಮಿ ಇದೆ!"

ದಿಮ್ಮಿ ಗೋಡೆಯ ಪಕ್ಕದಲ್ಲೇ ಇತ್ತು.

ಡೂಯಿ ಒಳಗೆ ನುಸುಳಿದ. ಆ ಜಾತಿಯ ಕಾರಿಗೆ ಇಂಜಿನ್ನು ಹಿಂದೆ. ಅದು ಇಲ್ಲದ ಮೇಲೆ ಭಾರವೆಲ್ಲ ಮೂತಿಗೆ ಬಂದಿತ್ತು. ಊರ ಲಾರಿಗಳಿಗೆ ಕೊಡುವ ಹಾಗೆ ಕೊಟ್ಟ ಜಾಕ್ ಓರೆಯಾಯಿತು, ಕಾರು ಕುಸಿಯಿತು. ಡೂಯಿಯ ಎಡಗಾಲಿನ ಮೂಳೆ ಮುರಿದ ಸದ್ದು ಬಾಗಿಲಲ್ಲಿದ್ದವರಿಗೂ ಕೇಳಿಸಿತು.

ನಾಲ್ಕು ಜನ ಓಡಿಬಂದು ಕೈಯಲ್ಲೇ ಕಾರು ಎತ್ತಿ ಅವನನ್ನು ಎಳೆದುಕೊಂಡರು. ಆ ಗಲಾಟೆಯಲ್ಲಿ ಆರ್ವಲ್‌ನ ಕಾಲು ಒಂದು ಕೆಲಸ ಮಾಡಿತು. ಮಾಡಬೇಕೆಂದು ಅವನು ಯೋಚಿಸಲೂ ಇಲ್ಲ. ಗೋಡೆಯ ಪಕ್ಕದ ದಿಮ್ಮಿಯನ್ನು ಪಾದದಿಂದ ಕಾರಿನ ಅಡಿಗೆ ತಳ್ಳಿತು.

ಪ್ರೂಯಿಟ್ ಬಗ್ಗಿ ನೋಡಿದ. "ದಿಮ್ಮಿ ಇದೆ! ಎಲ್ಲಾ ನೋಡಿ, ದಿಮ್ಮಿ ಇದ್ರೂ ಹಾರಿದೆ ಇದು! ತಾನೇ ಹಾರಿದೆ!"

ಆರ್ವಲ್ ಡೂಯಿಯ ಹೆಗಲಿಗೆ ಕೈಕೊಟ್ಟು ಎತ್ತತೊಡಗಿದ.

ಆಸ್ಪತ್ರೆಯಲ್ಲಿ ಡೂಯಿ ಕೇಳಿದ. "ಭಾವ, ನೀನು ಕೂಗಿದ್ದು ನನಗೆ ಕೇಳಿಸ್ತು. ದಿಮ್ಮಿ ಇತ್ತು ತಾನೆ?"

ಮೌಡಿ ತಮ್ಮನ ತಲೆ ಸವರುತ್ತಾ ಪಕ್ಕದಲ್ಲೇ ಕೂತಿದ್ದಳು.

"ಇತ್ತು ಕಣೋ," ಅಂದ ಆರ್ವಲ್.

ಅಲ್ಲಿಗೆ ಬಾಗಿಲು ಮುಚ್ಚಿತು. ಹಾಕಿದವನೂ ಅವನೇ, ಒಳಗೆ ಉಳಿದವನೂ ಅವನೇ.

ಪ್ರೂಯಿಟ್ ಹೊಸ ಬೋರ್ಡು ಬರೆಸಿ ಕಾರಿನ ಪಕ್ಕ ನಿಲ್ಲಿಸಿದ. ಶಾಪದ ಕಾರು, ದಿಮ್ಮಿ ಇದ್ದರೂ ಹಾರಿ ಕಾಲು ಮುರಿದದ್ದು, ಕಣ್ಣಾರೆ ಕಂಡ ಸಾಕ್ಷಿ ಆರ್ವಲ್ ಟ್ಯಾಕೆಟ್. ಫ್ರೆಸ್ನೋದ ಪತ್ರಿಕೆಯಲ್ಲೂ ಬಂತು. ಹೇಗೋ ಚೌಕಟ್ಟು ಬೆಸೆದದ್ದಾಯಿತು. ಆದರೆ ಕಾರು ಒಯ್ಯಲು ಬಂದ ಲಾರಿಯವನು ಬೋರ್ಡು ಓದಿ, "ನನಗೆ ಮೂರು ಮಕ್ಕಳಿದ್ದಾರೆ ಸ್ವಾಮಿ," ಎಂದು ಖಾಲಿ ಲಾರಿಯಲ್ಲೇ ಹೋದ. ಇನ್ನೊಬ್ಬ ಬಂದ, ಅವನೂ ಅಷ್ಟೆ. ಕೊನೆಗೆ ಪ್ರೂಯಿಟ್, "ವಸಂತಕ್ಕೆ ನನ್ನದೇ ಲಾರಿ ತರ್ತೀನಿ, ಅಲ್ಲೀತನಕ ನಿಮ್ಮಲ್ಲೇ ಇರ್ಲಿ," ಎಂದು ಕಾಗದಕ್ಕೆ ಆರ್ವಲ್‌ನ ರುಜು ಹಾಕಿಸಿಕೊಂಡು ಹೊರಟೇಬಿಟ್ಟ.

ಚಳಿಗಾಲ ಬಂತು. ಆ ಕಣಿವೆಯ ಮಂಜು ನೆಲದಿಂದಲೇ ಏಳುತ್ತದೆ. ವಾರಗಟ್ಟಲೆ ಎದುರಿನ ಪೆಟ್ರೋಲ್ ಬಂಕೂ ಕಾಣುವುದಿಲ್ಲ. ಆರ್ವಲ್ ಬೆಳಿಗ್ಗೆ ಗ್ಯಾರೇಜಿನ ಬಾಗಿಲು ಸರಿಸಿದರೆ ಹೊರಗೆ ಬಿಳಿ ಗೋಡೆ, ಒಳಗೆ ಆ ಕಾರು. ನಡುವೆ ತಾನು.

ಆ ಕಾರಿನ ಪಕ್ಕ ತಮ್ಮ ಗಾಡಿ ನಿಲ್ಲಿಸಲು ಯಾರೂ ತಯಾರಿರಲಿಲ್ಲ. ಊರಿನಲ್ಲಿ ಏನಾದರೂ ಅದರ ತಲೆಗೇ ಕಟ್ಟುತ್ತಿದ್ದರು. ಕೋಳಿ ಮೊಟ್ಟೆ ಇಡದಿದ್ದರೆ ಕಾರು, ಪಾದ್ರಿಯ ಹೆಂಡತಿ ಮೆಟ್ಟಿಲಲ್ಲಿ ಜಾರಿದರೆ ಕಾರು. ಕೊನೆಗೆ ಉಳಿದ ಗಿರಾಕಿ ಹಾಗೋಪ್ ಒಬ್ಬ. ಜನವರಿಯಲ್ಲಿ ಅವನೂ ಬಂದು ತನ್ನ ಲಾರಿಯ ಕೀಲಿ ಕೇಳಿದ.

"ಅದರ ಬ್ರೇಕು ಇನ್ನೂ ಆಗಿಲ್ಲ," ಅಂದ ಆರ್ವಲ್.

"ಪರವಾಗಿಲ್ಲ. ಪಕ್ಕದೂರು ಸೆಲ್ಮಾದಲ್ಲಿ ಮಾಡಿಸ್ತೀನಿ. ನಾನು ನಂಬಲ್ಲಪ್ಪಾ, ನನ್ನ ಹೆಂಡ್ತಿ ನಂಬ್ತಾಳೆ."

"ಅಲ್ಲಯ್ಯಾ, ಬ್ರೇಕಿಲ್ಲದ ಲಾರಿಗಿಂತ ನಿಂತಿರೋ ಕಾರಿನ ಭಯ ಹೆಚ್ಚಾ ನಿನ್ನ ಹೆಂಡ್ತಿಗೆ?"

"ನೀನೇ ಅಲ್ವೇನೋ ಹೇಳಿದ್ದು, ದಿಮ್ಮಿ ಇದ್ರೂ ಹಾರ್ತು ಅಂತ? ಪೇಪರಿನಲ್ಲಿ ನಿನ್ನ ಹೆಸರೇ ಇದೆ." ಹಾಗೋಪ್ ಮುಖ ಆ ಕಡೆ ತಿರುಗಿಸಿಕೊಂಡು ಲಾರಿ ಏರಿದ.

ಪಾಪ, ಆ ಕಾರು ಏನೂ ಮಾಡಿರಲಿಲ್ಲ. ಅದನ್ನು ಬಲ್ಲವನು ಭೂಮಿಯ ಮೇಲೆ ಒಬ್ಬನೇ.

ಅದೆಲ್ಲ ಹಾಗಿರಲಿ ಎಂದು ಅವನು ಸಹಿಸಿಕೊಳ್ಳುತ್ತಿದ್ದನೇನೋ. ಸಹಿಸಲಾಗದ್ದು ಡೂಯಿಯ ಸ್ಥಿತಿ. ಫೆಬ್ರವರಿಗೆ ಕಾಲಿನ ಕಟ್ಟು ಬಿಚ್ಚಿದರು. ಮೂಳೆ ಕೂಡಿಕೊಂಡಿತ್ತು, ನಡಿಗೆ ಚೂರು ಓರೆ, ಅಷ್ಟೆ. ಆದರೆ ಗಾಡಿಯ ಕೆಳಗೆ ಹೋಗಲು ಅವನಿಂದ ಆಗಲಿಲ್ಲ. ಆರ್ವಲ್ ತನ್ನ ಹಳೇ ಪಿಕಪ್ಪನ್ನು ಎತ್ತಿ, ದಿಮ್ಮಿ ಇಟ್ಟು, ಕೂಗಿ ಕಾದ. ಡೂಯಿ ಮಂಡಿಯೂರಿದ, ದಿಮ್ಮಿಯನ್ನು ಮುಟ್ಟಿದ, ಹಣೆ ಬೆವತು ಎದ್ದುಬಿಟ್ಟ.

"ಜಾಕ್ ಜಾರಿದ್ರೆ ಜಾರ್ತು ಅನ್ಬಹುದಿತ್ತು ಭಾವ. ದಿಮ್ಮಿ ಇದ್ದೂ ಬಿತ್ತಲ್ಲ. ಹಂಗಾದ್ರೆ ಇನ್ನು ನಾನು ಯಾವುದನ್ನ ನಂಬ್ಲಿ ಹೇಳು."

ಆರ್ವಲ್ ಒರೆಸಿದ್ದ ಸ್ಪಾನರನ್ನೇ ಮತ್ತೆ ಒರೆಸಿದ.

ಮಾರ್ಚ್ ಎರಡನೆಯ ವಾರ ಪ್ರೂಯಿಟ್ ಫೋನು ಮಾಡಿದ, ಡೂಯಿಗೇ. ಶನಿವಾರ ಲಾರಿ ತರುತ್ತೇನೆ, ನೀನೂ ಜೊತೆಗೆ ಬಾ. ಕಾರಿನ ಪಕ್ಕ ಊರುಗೋಲು ಹಿಡಿದು ನಿಂತು ನಡೆದದ್ದು ಹೇಳಿದರೆ ಸಾಕು, ಊಟ, ವಸತಿ ನನ್ನದು. ಡೂಯಿ ಹೂಂ ಅಂದ.

"ಊರುಗೋಲಾ? ನೀನೀಗ ಊರುಗೋಲಿಲ್ಲದೇ ನಡೀತೀಯಲ್ಲೋ," ಅಂದಳು ಮೌಡಿ, ಊಟದ ಮೇಜಿನಲ್ಲಿ.

"ಪ್ರೂಯಿಟ್ ಒಂದು ಕೊಡಿಸ್ತಾರಂತೆ ಅಕ್ಕ."

"ಜಾತ್ರೇಲಿ ಎರಡು ತಲೆ ಕರು ತೋರಿಸ್ತಾರಲ್ಲ, ಹಾಗೆ ನಿಲ್ತೀಯಾ?"

"ಕರು ಮೇಲು. ಅದಕ್ಕೆ ಮಾತಾಡೋ ಕೆಲಸ ಇಲ್ಲ." ನಕ್ಕು, ಬೀನ್ಸಿನ ಬಟ್ಟಲು ತನ್ನ ಕಡೆ ಎಳೆದುಕೊಂಡ. "ಇನ್ನೇನು ಮಾಡ್ಲಿ ಅಕ್ಕ? ನನಗೆ ಬೇರೆ ಕೆಲಸ ಬರಲ್ಲ."

ಮೌಡಿ ಗಂಡನ ಮುಖ ನೋಡಿದಳು. "ನೀನಾದ್ರೂ ಬೇಡ ಅನ್ನು ಆರ್ವಲ್. ನಿನ್ನ ಮಾತು ಅವನು ತೆಗೆದುಹಾಕಲ್ಲ."

ಅದು ನಿಜವಾದ್ದರಿಂದಲೇ ಆರ್ವಲ್ ತಟ್ಟೆ ಸರಿಸಿ ಎದ್ದ. ಹೇಳದಿದ್ದರೆ ಹುಡುಗ ಸುಳ್ಳು ಊರುಗೋಲು ಹಿಡಿದು ಜನ್ಮವೆಲ್ಲ ಆ ಕಾರಿನ ಪಕ್ಕ ನಿಲ್ಲುತ್ತಾನೆ. ಹೇಳಿದರೆ ಭಾವ ಎನ್ನುವ ಮಾತು ಅವನ ಬಾಯಲ್ಲಿ ಮತ್ತೆ ಬರುತ್ತದೋ ಇಲ್ಲವೋ.

ಶುಕ್ರವಾರ ಮಧ್ಯಾಹ್ನ ಇಬ್ಬರೇ ಗ್ಯಾರೇಜಿನಲ್ಲಿ ಡಬ್ಬಿ ಊಟ ಬಿಚ್ಚಿದರು. ಆರ್ವಲ್ ತನ್ನದನ್ನು ಮುಟ್ಟಲಿಲ್ಲ.

"ಡೂಯಿ. ನಾನು ಕೂಗಿದೆ. ಇಡಲಿಲ್ಲ."

"ಏನನ್ನ?"

"ದಿಮ್ಮಿ. ಹಾಗೋಪ್ ಜೊತೆ ನಗ್ತಾ ಇದ್ದೆ. ಬಾಯಿ ಕೂಗ್ತು, ಕೈ ಇಡಲಿಲ್ಲ. ಕಾರು ಬಿದ್ದ ಮೇಲೆ ಕಾಲಲ್ಲಿ ಒಳಕ್ಕೆ ತಳ್ಳಿದೆ."

ಡೂಯಿ ಅಗಿಯುವುದನ್ನು ನಿಲ್ಲಿಸಿದ. ತಿರುಗಿ ಆ ಬೆಳ್ಳಿ ಕಾರನ್ನು ನೋಡಿದ, ಅದೇ ಮಾತಾಡಿತೇನೋ ಎಂಬಂತೆ.

"ಆಸ್ಪತ್ರೇಲಿ ನಾನು ಕೇಳಿದೆ."

"ಕೇಳಿದೆ."

"ಇತ್ತು ಅಂದೆ."

"ಅಂದೆ."

"ಆರು ತಿಂಗಳು ಭಾವ! ಕಣ್ಣು ಮುಚ್ಚಿದ್ರೆ ಇದು ಮೈ ಮೇಲೆ ಬರ್ತಿತ್ತು ನನಗೆ. ನಾನು ಸತ್ತ ಸಿನಿಮಾದವನಿಗೆ ಹೆದರಿಕೊಂಡು ಕೂತಿದ್ದೆ, ನೀನು ಪಕ್ಕದಲ್ಲೇ ಕೂತು ಕಾಫಿ ಕುಡೀತಿದ್ದೆ." ಅವನ ದನಿ ಏರಲಿಲ್ಲ. ಏರಿದ್ದರೆ ಆರ್ವಲ್‌ಗೆ ಎಷ್ಟೋ ಹಗುರವಾಗುತ್ತಿತ್ತು. "ಅಕ್ಕನಿಗೆ ಗೊತ್ತಾ?"

"ಇಲ್ಲ."

"ನೀನೇ ಹೇಳು. ನನ್ನ ಬಾಯಿಂದ ಬೇಡ."

ಎದ್ದ. ಪಿಕಪ್ಪಿನ ಹತ್ತಿರ ಹೋಗಿ ತಾನೇ ಜಾಕ್ ಕೊಟ್ಟ, ತಾನೇ ದಿಮ್ಮಿ ಇಟ್ಟ, ಎರಡು ಸಲ ಒದ್ದು ನೋಡಿದ. ಆರ್ವಲ್ ಅಭ್ಯಾಸಬಲದಿಂದ ಎದ್ದು ನಿಂತಿದ್ದ.

"ಕೂತ್ಕೋ. ನೀನು ಕೂಗೋದು ಬೇಡ."

ಒಳಗೆ ನುಸುಳಿದ. ಮೊದಲು ಉಸಿರಾಟವಷ್ಟೇ ಕೇಳುತ್ತಿತ್ತು, ಓಡಿಬಂದವನ ಉಸಿರಿನ ಹಾಗೆ. ಆಮೇಲೆ ಅದೂ ನಿಂತಿತು. ಕೊನೆಗೆ ಸ್ಪಾನರಿನ ಸದ್ದು. ಕಾಲು ಗಂಟೆ ಬಿಟ್ಟು ಡೂಯಿ ಹಣೆಯ ಮೇಲೆ ಕರೀ ಎಣ್ಣೆ ಬಳಿದುಕೊಂಡು ಹೊರಗೆ ಬಂದ.

"ಎಣ್ಣೆ ಸೋರ್ತಿದೆ ನಿನ್ನ ಗಾಡಿ. ಯಾವ ಕಾಲದಿಂದ ನೋಡಿಲ್ಲ?" ಅಂದ. ಅಂದದ್ದು ಗಾಡಿಗೆ, ಆರ್ವಲ್‌ನ ಮುಖಕ್ಕಲ್ಲ.

ಶನಿವಾರ ಪ್ರೂಯಿಟ್ ಬಂದ. ಡೂಯಿ ಜೊತೆಗೆ ಬರುವುದಿಲ್ಲ ಅಂದುಬಿಟ್ಟ. ಆರ್ವಲ್ ಪ್ರೂಯಿಟ್‌ಗೂ ನಿಜ ಹೇಳಿ, ಬೋರ್ಡಿನಿಂದ ತನ್ನ ಹೆಸರು ಅಳಿಸಲು ಕೇಳಿಕೊಂಡ. ಪ್ರೂಯಿಟ್ ಪೂರ್ತಿ ಕೇಳಿಸಿಕೊಂಡು ಅವನ ಹೆಗಲು ತಟ್ಟಿದ.

"ಆರ್ವಲ್, ದಿಮ್ಮಿ ಮರೆತ ಮೆಕ್ಯಾನಿಕ್ಕನ್ನ ನೋಡೋಕೆ ಯಾರು ಬರ್ತಾರೆ? ನಿಮ್ಮ ಮೊದಲನೇ ಮಾತೇ ಚೆನ್ನಾಗಿತ್ತು. ಅದೇ ಇರ್ಲಿ ಬಿಡಿ."

ಕಾರು ಹೋಯಿತು, ಬೋರ್ಡು ಹೋಯಿತು, ಹೆಸರು ಅದರ ಮೇಲೆಯೇ ಇತ್ತು. ಎದುರಿನ ಬಂಕಿನವನಿಗೆ ನಿಜ ಹೇಳಿದರೆ ಅವನು ಕಣ್ಣು ಮಿಟುಕಿಸಿದ. "ಗಿರಾಕಿ ವಾಪಸ್ ಬರ್ಲಿ ಅಂತ ಹಿಂಗೆ ಹೇಳ್ತಿದೀಯ. ಗೊತ್ತು ಬಿಡು." ಹಾಗೋಪನೂ ಹೆಚ್ಚು ಕಡಿಮೆ ಅದನ್ನೇ ಅಂದ. ಸುಳ್ಳನ್ನು ಒಂದೇ ದಿನದಲ್ಲಿ ನಂಬಿದ ಊರು ನಿಜವನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಭಾನುವಾರ ಚರ್ಚಿನಿಂದ ಬಂದ ಮೇಲೆ ಅವನು ಮೌಡಿಗೆ ಹೇಳಿದ. ಅವಳು ಟೋಪಿಯ ಪಿನ್ನು ತೆಗೆಯುತ್ತಿದ್ದವಳು ಹಾಗೇ ನಿಂತಳು. ಅಡುಗೆಮನೆಗೆ ಹೋಗಿ ಒಣಗಿದ ಪೀಚ್ ಹಣ್ಣು ನೆನೆಹಾಕಿ, ಸಂಜೆವರೆಗೂ ಕಜ್ಜಾಯದ ಹಾಗೆ ಮಡಚಿ ಕರಿಯುತ್ತಾ ಕೂತಳು, ತಮ್ಮನ ದಾರಿಗೆ. ಡೂಯಿ ಬೇಕರ್ಸ್‌ಫೀಲ್ಡಿನ ಟ್ರಾಕ್ಟರ್ ಅಂಗಡಿಗೆ ಆಗಲೇ ಮಾತಾಡಿದ್ದ. ಮೆಕ್ಯಾನಿಕ್ ಕೆಲಸಕ್ಕೆ.

ಬಸ್ಸಿನ ಹತ್ತಿರ ಅಕ್ಕ ತಮ್ಮನನ್ನು ತಬ್ಬಿಕೊಂಡು ಬಿಡಲಿಲ್ಲ. ಆರ್ವಲ್ ಪೆಟ್ಟಿಗೆ ಹಿಡಿದು ಎರಡು ಹೆಜ್ಜೆ ಹಿಂದೆ ನಿಂತಿದ್ದ.

"ಕಾಗದ ಹಾಕ್ತೀಯಾ?" ಎಂದು ಕೇಳಿದ.

"ಅಕ್ಕನಿಗೆ ಹಾಕ್ತೀನಿ," ಅಂದ ಡೂಯಿ. ಪೆಟ್ಟಿಗೆ ತೆಗೆದುಕೊಂಡು, ಒಂದು ಗಳಿಗೆ ತಡೆದು, "ಓದಿ ಹೇಳ್ತಾಳೆ ನಿನಗೆ," ಎಂದು ಸೇರಿಸಿದ.

ಅವನು ಹೋದದ್ದು ಐವತ್ತೊಂಬತ್ತನೇ ಇಸವಿ ಮಾರ್ಚ್ ಹದಿನೇಳು, ಮಂಗಳವಾರ, ಬೆಳಗಿನ ಬಸ್ಸಿಗೆ.