ಜಪಾನಿಗೆ ಹೊರಟ ಹಾಜಿ ಸಾಬ್

ನಾನು ಹಜ್ ಯಾತ್ರೆಗೆ ಹೊರಟಿದ್ದೇನೆ ಎಂಬ ವಿಷಯವನ್ನು ನನಗೆ ಮೊದಲು ತಿಳಿಸಿದವನು ಲಾಲ್ ಬಾಷಾ. ಸಾವಿರದ ಒಂಬೈನೂರ ಎಂಬತ್ತೆಂಟರ ಬೇಸಿಗೆ ಅದು. ಬೆಂಗಳೂರಿನಿಂದ ಬಂದು ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಎದುರಿಗಿದ್ದ ಅವನ ಅಂಗಡಿಯಲ್ಲಿ ಒಂದು ಟೀ ಹೇಳಿದೆ. ಅವನು ಟೀ ಸೋಸುವುದನ್ನು ಅರ್ಧಕ್ಕೇ ಬಿಟ್ಟು ಹೊರಗೆ ಬಂದ. ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ.

"ನಸೀಬ್ ಅಂದ್ರೆ ನಿಮ್ದು ಸಾಬ್. ಅಲ್ಲಿಗೆ ಹೋದಾಗ ನನ್ನ ಹೆಸ್ರು ಹೇಳಿ ಒಂದು ದುವಾ ಮಾಡಿ. ಇನ್ಮೇಲೆ ನಿಮ್ಮ ಹತ್ರ ಟೀಗೆ ದುಡ್ಡು ತಗೊಳ್ಳಲ್ಲ."

ನನ್ನ ಚೀಲದಲ್ಲಿ ಹೊಸ ಪಾಸ್‌ಪೋರ್ಟ್ ಇತ್ತು ನಿಜ. ಅದರ ಪಕ್ಕದಲ್ಲಿ ಇದ್ದದ್ದು ಜಪಾನ್ ದೇಶದ ಭೂಪಟ. "ಇಲ್ಲಪ್ಪ, ನೀನು ತಪ್ಪು ತಿಳ್ಕೊಂಡಿದ್ದೀಯ" ಅನ್ನಬೇಕು, ಅಷ್ಟೇ. ಆದರೆ ಅವನ ಕಣ್ಣು ತುಂಬಿತ್ತು. ಸುತ್ತ ನಾಲ್ಕು ಜನ ಎದ್ದು ನಿಂತಿದ್ದರು. ನಾಳೆ ಹೇಳಿದರಾಯಿತು ಅಂದುಕೊಂಡು "ಆಗಲಿ" ಎಂದೆ.

ನಾನು ಬಷೀರ್ ಅಹಮದ್. ನಮ್ಮೂರಲ್ಲಿದ್ದ ಒಂದು ಸಣ್ಣ ಸರ್ಕಾರಿ ಕೇಂದ್ರದಲ್ಲಿ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವುದನ್ನು ಮೂವತ್ತು ವರ್ಷ ಕಲಿಸಿದವನು. ನಿವೃತ್ತನಾಗಿ ಆಗ ಒಂದು ವರ್ಷವಾಗಿತ್ತು. ಹೆಂಡತಿ ತೀರಿಕೊಂಡಿದ್ದಳು. ಮನೆಯಲ್ಲಿ ನಾನು ಮತ್ತು ನನ್ನ ತಂಗಿ ರಹಮತುನ್ನೀಸಾ, ಇಬ್ಬರೇ. ಒಂದು ತಿಂಗಳು ಒಬ್ಬನೇ ಜಪಾನಿಗೆ ಹೋಗಿ ಬರುತ್ತೇನೆಂದು ನಾನು ಹೇಳಿದ್ದು ಅವಳೊಬ್ಬಳಿಗೆ ಮಾತ್ರ.

ಹೋಗುವ ಆಸೆ ಇಪ್ಪತ್ತನಾಲ್ಕು ವರ್ಷ ಹಳೆಯದು. ಅರವತ್ತನಾಲ್ಕರಲ್ಲಿ ಜಪಾನಿಗೆ ಒಂದು ತಿಂಗಳ ತರಬೇತಿಗೆ ಜನರನ್ನು ಆರಿಸುತ್ತಾರೆಂದು ಸುದ್ದಿ ಬಂತು. ನಮ್ಮ ಕೇಂದ್ರದ ಅಧಿಕಾರಿ ಗಂಗುಲಪ್ಪನವರು ನನ್ನನ್ನು ಕರೆದು "ನಿನ್ನ ಹೆಸ್ರು ಬರ್ದಿದ್ದೀನಿ ಕಣಯ್ಯ, ಕೋಟು ಹೊಲಿಸ್ಕೋ" ಅಂದರು. ನಾನು ಸಾಲ ಮಾಡಿ ಕೋಟು ಹೊಲಿಸಿದೆ. ಆಜ್ಞೆ ಬರಲೇ ಇಲ್ಲ. ರಾಮನಗರದ ಕಡೆಯ ಯಾರೋ ಹೋದರು. ಗಂಗುಲಪ್ಪ ನನ್ನನ್ನು ಆಡಿಸಿದರು ಎಂದು ನನ್ನ ಪಿತ್ತ ನೆತ್ತಿಗೇರಿತು. ಚರಕಗಳು ತಿರುಗುತ್ತಿರುವಾಗ ಎಲ್ಲರೆದುರು "ನಿಮ್ಮ ದೊಡ್ಡಸ್ತಿಕೆ ಗೊತ್ತಾಯ್ತು ಸ್ವಾಮಿ, ನಾಟಕ ಸಾಕು" ಎಂದೆ. ಅವರು "ಹೋಗೋಕೆ ಧೈರ್ಯ ಇಲ್ದೋನಿಗೆ ಬಾಯಿ ಮಾತ್ರ ಜಾಸ್ತಿ" ಎಂದು ಒಳಗೆ ಹೋದರು. ಆಮೇಲೆ ಅವರು ವರ್ಗವಾಗುವ ತನಕ ಕೆಲಸದ ಮಾತು ಬಿಟ್ಟರೆ ನಾನು ಬೇರೆ ಮಾತಾಡಲಿಲ್ಲ. ನಂದಿಯ ತಮ್ಮ ಮನೆಯಲ್ಲಿ ಅವರು ತೀರಿಕೊಂಡಾಗ ಊರಿನ ಅರ್ಧ ಜನ ಮಣ್ಣಿಗೆ ಹೋದರು. ನಾನು ಹೋಗಲಿಲ್ಲ.

ಆ ಧೈರ್ಯದ ಮಾತು ಮಾತ್ರ ನನ್ನ ಗಂಟಲಲ್ಲಿ ಮುಳ್ಳಿನಂತೆ ಕೂತಿತ್ತು. ಅದಕ್ಕೇ ಯಾರ ದಯೆಯೂ ಇಲ್ಲದೆ, ನನ್ನ ದುಡ್ಡಿನಲ್ಲಿ, ಒಬ್ಬನೇ ಹೋಗಬೇಕಿತ್ತು.

ದುಡ್ಡೋ, ಅಷ್ಟಕ್ಕಷ್ಟೇ. ಪಿ.ಎಫ್. ಹಣದಲ್ಲಿ ವಿಮಾನದ ಟಿಕೆಟ್ಟು ಆಯಿತು. ಕೈಖರ್ಚಿಗೆ ಬ್ಯಾಂಕಿನವರು ಕೊಡುವುದು ಐನೂರು ಡಾಲರ್ ಮಾತ್ರ. ಹಿಂದೆ ನಮ್ಮ ಕೇಂದ್ರಕ್ಕೆ ಬಂದಿದ್ದ ಜಪಾನಿ ಮೇಷ್ಟ್ರೊಬ್ಬರ ಮಗನಿಗೆ ಕಾಗದ ಬರೆದಿದ್ದೆ. ಹತ್ತು ದಿನ ತಮ್ಮ ಹಳ್ಳಿಯ ಮನೆಯಲ್ಲಿರಬಹುದು ಎಂದು ಆತ ಉತ್ತರ ಬರೆದಿದ್ದ. ಉಳಿದ ಇಪ್ಪತ್ತು ದಿನ ಅಗ್ಗದ ಹಾಸ್ಟೆಲುಗಳು. ಬೆಳಿಗ್ಗೆ ಹುರಿಹಿಟ್ಟು, ರಾತ್ರಿ ಅವಲಕ್ಕಿ, ಮಧ್ಯಾಹ್ನ ಒಂದು ಹೊತ್ತು ಮಾತ್ರ ಅಂಗಡಿಯ ಊಟ ಎಂದು ಕ್ಯಾಲೆಂಡರಿನ ಹಿಂದೆ ಬರೆದೆ.

ತಂಗಿ ಅದನ್ನು ಓದಿ, "ಒಂದು ತಿಂಗ್ಳು ಹುರಿಹಿಟ್ಟು ತಿನ್ನೋಕೆ ಜಪಾನಿಗ್ಯಾಕೆ ಹೋಗ್ಬೇಕು ಭಾಯಿ? ಇಲ್ಲೇ ಕಲಸಿಕೊಡ್ತೀನಿ" ಎಂದಳು. ಮನೆಯಲ್ಲಿ ನಮ್ಮದು ಉರ್ದು. ಉರ್ದುವಿನಲ್ಲಿ ಈ ಮಾತು ಇನ್ನೂ ಚುರುಕಾಗಿತ್ತು.

ನಾನು ಹಟಕ್ಕೆ ಬಿದ್ದು ತಾಲೀಮು ಶುರು ಮಾಡಿದೆ. ಎಂಟು ದಿನ, ಬೆನ್ನಿಗೆ ಹದಿನಾಲ್ಕು ಕೇಜಿ ಚೀಲ, ದಿನಕ್ಕೆ ಇಷ್ಟೇ ಖರ್ಚು ಎಂಬ ಕಟ್ಟುನಿಟ್ಟು. ಚಿಕ್ಕಬಳ್ಳಾಪುರದಿಂದ ನಂದಿಯವರೆಗೆ ಬಿಸಿಲಲ್ಲಿ ನಡೆದೆ. ಗೌರಿಬಿದನೂರು ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಮಲಗಿದೆ. ಚಿಂತಾಮಣಿಯಿಂದ ಕೈವಾರಕ್ಕೆ ನಡೆಯುವಾಗ ಮೂರು ಬಸ್ಸಿನವರು ನಿಲ್ಲಿಸಿ ಕರೆದರು, ನಾನು ಹತ್ತಲಿಲ್ಲ. ವಾಪಸು ಬಂದು, ಹಾಸ್ಟೆಲಿನಲ್ಲಿ ಹಾಸಲು ಹೊದೆಯಲು ಬೇರೆ ದುಡ್ಡು ಕೇಳುತ್ತಾರೆಂದು ಹೊಲಿಗೆ ಇಲ್ಲದ ಎರಡು ಉದ್ದನೆಯ ಬಿಳಿ ಬಟ್ಟೆ ಕೊಂಡೆ.

ಇದೆಲ್ಲ ಲಾಲ್ ಬಾಷಾನ ಆ ಟೀಗೆ ಮುಂಚೆಯೇ ಆಗಿತ್ತು. ಜನರಿಗೆ ಇನ್ನೇನು ಬೇಕು? ಪಾಸ್‌ಪೋರ್ಟು, ಅದರ ವಿಚಾರಣೆಗೆ ಮನೆಗೆ ಬಂದ ಪೊಲೀಸರು, ನಡೆಯುವ ಅಭ್ಯಾಸ, ಹಾಜಿಗಳು ಉಡುವಂಥ ಎರಡು ಬಿಳಿ ಬಟ್ಟೆ, ಅದೂ ಯಾತ್ರಿಕರು ಹೊರಡುವ ತಿಂಗಳಲ್ಲೇ. ಜನ ಲೆಕ್ಕ ಹಾಕಿದ್ದರು. ಅವರ ತಪ್ಪೇನಿಲ್ಲ. ಲಾಲ್ ಬಾಷಾ ಕೈ ಹಿಡಿದ ಮಾರನೆಯ ದಿನ ಮಸೀದಿಯಲ್ಲಿ ಹಿರಿಯರು ತಬ್ಬಿಕೊಂಡರು. ನಾಳೆ ಹೇಳೋಣ ಅಂದುಕೊಂಡೆ. ಮೂರನೆಯ ದಿನ ಹೆಂಗಸರು ಮನೆಗೆ ಬಂದು ಮಕ್ಕಳ ಮದುವೆಗೆ, ಕಾಯಿಲೆಗೆ ದುವಾ ಕೇಳಿಕೊಂಡು ಹೋದರು. ನಾಲ್ಕನೆಯ ದಿನದ ಹೊತ್ತಿಗೆ ಹೇಳುವ ಬಾಗಿಲೇ ಮುಚ್ಚಿಹೋಗಿತ್ತು. ತಂಗಿ ಯಾರ ಮುಖವನ್ನೂ ನೋಡದೆ ಟೀ ಕೊಡುತ್ತಿದ್ದಳು. ನನಗೆ ನಾಚಿಕೆಯಾಗುತ್ತಿತ್ತು, ಆದರೂ ಬಾಯಿ ಬರಲಿಲ್ಲ.

ಐದನೆಯ ದಿನ ಸಂಜೆ ಮುನಿವೆಂಕಟಪ್ಪ ಬಂದ.

ಮುನಿವೆಂಕಟಪ್ಪ ನಮ್ಮ ಕೇಂದ್ರದ ಟಪಾಲು ಗುಮಾಸ್ತ. ಬರುವ ಹೋಗುವ ಕಾಗದವೆಲ್ಲ ಅವನ ಕೈಮೇಲೆಯೇ ನಡೆಯುತ್ತಿತ್ತು. ಮೂವತ್ತು ವರ್ಷ ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಬುತ್ತಿ ಬಿಚ್ಚಿದವರು. ಹಬ್ಬಕ್ಕೆ ಅವನ ಮನೆಯ ಒಬ್ಬಟ್ಟು ನಮ್ಮ ಮನೆಗೆ, ಈದ್ ದಿನ ನಮ್ಮ ಮನೆಯ ಸೇವಿಗೆ ಅವನ ಮನೆಗೆ. ಬಂದವನು ಒಂದು ಹೂವಿನ ಹಾರ ಹಾಕಿ, ಕುರ್ಚಿ ಎಳೆದರೂ ಕೂರದೆ ನಿಂತೇ ಇದ್ದ.

"ಬಷೀರಣ್ಣ, ಅಲ್ಲಿಗೆ ಹೋಗೋರು ಎಲ್ರನ್ನೂ ಕ್ಷಮಿಸಿ ಹೋಗ್ಬೇಕಂತೆ. ಹೌದಾ?"

"ಹೌದು. ಮಾಫ್ ಮಾಡಿ, ಮಾಫ್ ಕೇಳಿ ಹೋಗ್ಬೇಕು."

"ಹಂಗಾದ್ರೆ ನಂದೊಂದಿದೆ" ಎಂದು ಅಂಗಿಯ ಒಳಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ನನ್ನ ಮುಂದಿಟ್ಟ.

ಒಳಗೆ ಹಳದಿಗಟ್ಟಿದ ಒಂದು ಸರ್ಕಾರಿ ಲಕೋಟೆ. ಮೇಲೆ ನನ್ನ ಹೆಸರು. ತಾರೀಖು ಅರವತ್ತನಾಲ್ಕರದು. ನಾನು ಓದಿದೆ. ಗಂಗುಲಪ್ಪನವರ ವಿಶೇಷ ಶಿಫಾರಸಿನ ಮೇರೆಗೆ ಬಷೀರ್ ಅಹಮದ್ ಅವರನ್ನು ಜಪಾನ್ ತರಬೇತಿಗೆ ಆರಿಸಲಾಗಿದೆ, ಏಳು ದಿನದೊಳಗೆ ಒಪ್ಪಿಗೆ ತಿಳಿಸದಿದ್ದರೆ ಇಷ್ಟವಿಲ್ಲವೆಂದು ಭಾವಿಸಿ ಮುಂದಿನವರಿಗೆ ಅವಕಾಶ ಕೊಡಲಾಗುವುದು.

ಎರಡನೆಯ ಸಲ ಓದಿದೆ. ಅಕ್ಷರಗಳು ಕಾಣುತ್ತಿದ್ದವು, ಅರ್ಥ ಒಳಗಿಳಿಯಲಿಲ್ಲ.

"ನಾನೂ ಅರ್ಜಿ ಹಾಕಿದ್ದೆ ಅಣ್ಣ, ಯಾರ್ಗೂ ಹೇಳಿರ್ಲಿಲ್ಲ. ಗುಮಾಸ್ತನ್ನ ಯಾರು ಕಳಿಸ್ತಾರೆ? ನಿಮ್ಮ ಹೆಸ್ರು ನೋಡಿ ಹೊಟ್ಟೆ ಉರೀತು. ಒಂದೇ ಒಂದು ದಿನ ಇಟ್ಕೊಳ್ಳಣ, ನಾಳೆ ಕೊಡಣ ಅಂತ ಡ್ರಾಯರ್‌ನಲ್ಲಿ ಇಟ್ಟೆ. ಮಾರನೇ ದಿನ ಕೊಟ್ರೆ ನೆನ್ನೆ ಯಾಕೆ ಕೊಡ್ಲಿಲ್ಲ ಅಂತೀರ ಅಂತ ಭಯ ಆಯ್ತು. ಮೂರನೇ ದಿನ ಇನ್ನೂ ಭಯ. ಏಳು ದಿನ ಹಂಗೇ ಹೋಯ್ತು. ಸುಟ್ಟು ಹಾಕಣ ಅಂದ್ರೆ ಕೈ ಬರ್ಲಿಲ್ಲ."

ನಾಳೆ, ನಾಳೆ ಅನ್ನುವ ಆ ಲೆಕ್ಕ ನನಗೆ ಗೊತ್ತಿದ್ದದ್ದೇ. ಅದೇ ವಾರ ನಾನೂ ಅದನ್ನೇ ಮಾಡುತ್ತಿದ್ದೆ. ಆದರೂ ಅವನನ್ನು ಹೊಡೆಯಬೇಕೆನ್ನಿಸಿತು. ಅದಾದ ಮೇಲೂ ಅದೇ ಬೆಂಚಿನ ಮೇಲೆ ನನ್ನ ಜೊತೆ ಕೂತು ಉಂಡವನು. ಗಂಗುಲಪ್ಪನವರಿಗೆ ನಾನು ಬೈಯುವಾಗ ಪಕ್ಕದಲ್ಲೇ ನಿಂತು ಕೇಳಿದವನು.

"ಮುನಿವೆಂಕಟಪ್ಪ, ನಾನು ಹಜ್‌ಗೆ ಹೋಗ್ತಿಲ್ಲ" ಎಂದೆ. ನನ್ನ ದನಿ ನನಗೇ ಬೇರೆಯವರದಂತೆ ಕೇಳಿತು. "ಜಪಾನಿಗೆ ಹೋಗ್ತಿದ್ದೀನಿ."

ಅವನು ಅಷ್ಟು ಹೊತ್ತು ಕೂರದಿದ್ದ ಕುರ್ಚಿಯಲ್ಲಿ ಕೂತ. "ಹಂಗಾದ್ರೆ ನೀವು ಕ್ಷಮಿಸ್ಲೇಬೇಕು ಅಂತೇನಿಲ್ಲ" ಎಂದ.

"ಇಲ್ಲ" ಎಂದೆ.

ಅವನು ಎದ್ದು ಹೋದ. ಹಾರ ನನ್ನ ಕೊರಳಲ್ಲೇ ಇತ್ತು.

ಮಾರನೆಯ ದಿನ ಶುಕ್ರವಾರ. ನಮಾಜ್ ಮುಗಿದ ಮೇಲೆ ಎಲ್ಲರೆದುರು ನಿಂತು ನಿಜ ಹೇಳಿಬಿಟ್ಟೆ. ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡು ಹೊರಟರು. ಕೊನೆಗೆ ಲಾಲ್ ಬಾಷಾ ಒಬ್ಬ ಮುಂದೆ ಬಂದು, "ಒಂಬತ್ತು ಟೀ ಆಗಿದೆ ಸಾಬ್" ಎಂದ. ಕೊಟ್ಟೆ.

ಅಲ್ಲಿಂದ ನೇರ ನಂದಿಗೆ ಬಸ್ಸು ಹತ್ತಿದೆ. ಗಂಗುಲಪ್ಪನವರ ಹೆಂಡತಿ ಆಂಜಿನಮ್ಮ ಮನೆಯ ಜಗಲಿಯ ಮೇಲೆ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದರು. ಎಪ್ಪತ್ತು ದಾಟಿದ ಜೀವ. ಗುರುತು ಹಿಡಿದರು.

"ಏಮಪ್ಪಾ ಬಷೀರಪ್ಪ, ಈಗ ಬಂದ್ಯಾ. ಸತ್ತಾಗ ಬರ್ಲಿಲ್ಲ."

ನಾನು ನೆಲಕ್ಕೆ ಕೂತು ಎಲ್ಲ ಹೇಳಿದೆ. ಆಜ್ಞೆ ಬಂದಿತ್ತು, ನನ್ನ ಕೈ ಸೇರಲಿಲ್ಲ, ನಾನು ಅವರನ್ನು ಸುಳ್ಳುಗಾರ ಅಂದುಕೊಂಡೆ. ಆಕೆಯ ಕೈ ನಿಂತಿತು.

"ಅಯ್ಯೋ ಶಿವನೇ. ಅವ್ರು ಸಾಯೋ ತನ್ಕ ಅದನ್ನೇ ಹೇಳ್ತಿದ್ರಲ್ಲಪ್ಪ. ಮೇಲಿನೋರ ಕಾಲು ಕೈ ಹಿಡ್ದು ಹೆಸ್ರು ಹಾಕಿಸ್ದೆ, ಹುಡ್ಗ ಹೆದರ್ಕೊಂಡು ಉತ್ರಾನೇ ಬರೀಲಿಲ್ಲ, ಮೇಲೆ ನನ್ನನ್ನೇ ಬೈದ ಅಂತ. ನಿನ್ನಷ್ಟು ಚೆನ್ನಾಗಿ ನೂಲು ತೆಗ್ಯೋನು ಇನ್ನೊಬ್ಬನಿಲ್ಲ ಅಂತಾನೂ ಹೇಳ್ತಿದ್ರು."

ಧೈರ್ಯದ ಆ ಮಾತು ಬೈಗುಳವೇ ಆಗಿರಲಿಲ್ಲ. ಅವರು ಕಂಡದ್ದನ್ನು ಹೇಳಿದ್ದರು. ನಾನು ಅಲ್ಲೇ ಅತ್ತೆ. ಅಳುವುದಕ್ಕೆ ನನಗೆ ನಾಚಿಕೆಯೂ ಆಗಲಿಲ್ಲ.

"ಕಾಗ್ದ ಬಚ್ಚಿಟ್ಟೋನು ಯಾರು?" ಎಂದು ಆಕೆ ಕೇಳಿದರು.

ಹೆಸರು ನಾಲಿಗೆಯ ತುದಿಗೆ ಬಂದಿತ್ತು. "ಜಪಾನಿನಿಂದ ಬರೀತೀನಮ್ಮ" ಎಂದು ಎದ್ದೆ.

ಹೊರಡುವ ದಿನ ಬಸ್ ಸ್ಟ್ಯಾಂಡಿಗೆ ಹಾರ ಹಿಡಿದು ಯಾರೂ ಬರಲಿಲ್ಲ. ತಂಗಿ ಬಂದಳು, ಹುರಿಹಿಟ್ಟಿನ ಡಬ್ಬಿ ಹಿಡಿದು. ಸ್ವಲ್ಪ ದೂರದಲ್ಲಿ ಮುನಿವೆಂಕಟಪ್ಪ ನಿಂತಿದ್ದ. ನಾನೇ ಅವನ ಹತ್ತಿರ ಹೋದೆ.

"ಆಂಜಿನಮ್ಮನಿಗೆ ಅಲ್ಲಿಂದ ಒಂದು ಕಾಗ್ದ ಬರೀತೀನಿ. ಆಯಮ್ಮನಿಗೆ ಓದೋಕೆ ಬರಲ್ಲ. ನಿನ್ನ ವಿಳಾಸಕ್ಕೆ ಹಾಕ್ತೀನಿ. ನೀನೇ ನಂದಿಗೆ ತಗೊಂಡ್ಹೋಗಿ ಓದಿ ಹೇಳ್ಬೇಕು. ಬಚ್ಚಿಟ್ಟೋನು ಯಾರು ಅಂತಾನೂ ಅದರಲ್ಲಿ ಬರೀತೀನಿ."

ಅವನ ಮುಖ ಬಿಳಿಚಿಕೊಂಡಿತು. ಆಗಲಿ ಎಂದು ತಲೆ ಆಡಿಸಿದ. ನನಗೆ ಆಗ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ.

ಜಪಾನಿನಲ್ಲಿ ಒಂದು ತಿಂಗಳು ಇದ್ದೆ. ಐನೂರು ಡಾಲರಿನಲ್ಲಿ ಮೂವತ್ತೊಂದು ಉಳಿಸಿದೆ. ಹತ್ತನೆಯ ದಿನ, ಮೇಷ್ಟ್ರ ಮಗನ ಮನೆಯಲ್ಲಿ, ಅವನ ಹಳೆಯ ನೂಲು ಬಿಚ್ಚುವ ಯಂತ್ರದ ಪಕ್ಕ ಕೂತು ಆಂಜಿನಮ್ಮನಿಗೆ ಕಾಗದ ಬರೆದೆ. ಅಲ್ಲಿನ ಗೂಡಿನ ಬಿಳುಪು, ನೂಲಿನ ನಯ, ನಂದಿಬೆಟ್ಟದಂಥ ಒಂದು ಬೆಟ್ಟ, ಎಲ್ಲ ಬರೆದೆ. ನಿಮ್ಮ ಯಜಮಾನರು ನನಗೆ ತೋರಿಸಬೇಕೆಂದಿದ್ದನ್ನು ನೋಡಿದೆ ಎಂದು ಬರೆದೆ. ಮುನಿವೆಂಕಟಪ್ಪನ ಹೆಸರು ಬರೆಯಲು ಪೆನ್ನು ಎತ್ತಿ ಮೂರು ಸಲ ಇಳಿಸಿದೆ. ಒಂದೇ ಬೆಂಚಿನ ಬುತ್ತಿ ಕಣ್ಣಮುಂದೆ ಬಂತು. ಕೊನೆಗೆ ಸಹಿ ಹಾಕಿ ಅಂಟಿಸಿದೆ. ಈ ಕಾಗದವನ್ನೂ ಅವನು ಡ್ರಾಯರಿನಲ್ಲಿ ಇಟ್ಟುಕೊಂಡರೆ ಇಟ್ಟುಕೊಳ್ಳಲಿ ಅನ್ನಿಸಿತು.

ಊರಿಗೆ ಬಂದ ಮೂರನೆಯ ದಿನ ನಂದಿಗೆ ಹೋದೆ. ಆಂಜಿನಮ್ಮ ಜಗಲಿಯ ಮೇಲೆ ಅದೇ ಜಾಗದಲ್ಲಿದ್ದರು. ನಾನು ತಂದಿದ್ದ ರೇಷ್ಮೆಯ ಕೈವಸ್ತ್ರವನ್ನು ಮಡಿಲಲ್ಲಿಟ್ಟೆ.

"ಕಾಗ್ದ ಬಂತಾ ಅಮ್ಮ?"

"ಬಂತಪ್ಪ. ಆ ಮುನಿವೆಂಕಟಪ್ಪ ಮಳೇಲಿ ನೆಂದ್ಕೊಂಡು ತಂದು ಓದ್ದ. ಬೆಟ್ಟದ್ದು, ಗೂಡಿಂದು, ಎಲ್ಲಾ ಓದ್ದ. ಕೊನೇಗೆ ಬಚ್ಚಿಟ್ಟೋನ ಹೆಸ್ರು ಬರೆದಿದ್ಯಲ್ಲ, ಅದನ್ನೂ ಓದ್ದ ಪಾಪ. ಎರಡ್ಸಲ ನಿಲ್ಲಿಸಿ ಕನ್ನಡಕ ಒರೆಸ್ಕೊಂಡ. ತನ್ನ ಹೆಸ್ರನ್ನ ತಾನೇ ಓದ್ಬೇಕಾಯ್ತು ನೋಡು. ಅಷ್ಟು ಕಟುವಾಗಿ ಬರೀಬಾರ್ದಿತ್ತು ಕಣಪ್ಪ ನೀನು."

"ಆ ಕಾಗ್ದ ಎಲ್ಲಿ, ಒಂದ್ಸಲ ಕೊಡಿ ಅಮ್ಮ" ಎಂದೆ. ಆಕೆ ಒಳಗೆ ಹೋಗಿ ಅದನ್ನು ತಲೆದಿಂಬಿನ ಕೆಳಗಿನಿಂದ ತೆಗೆದು ಕೊಟ್ಟರು. ಬಿಡಿಸಿ ಕೊನೆಯ ಸಾಲಿನ ತನಕ ನೋಡಿದೆ. ನನ್ನ ಸಹಿಯ ಮೇಲೆ ಬೆಟ್ಟ ಇತ್ತು, ಗೂಡು ಇತ್ತು. ಅವನ ಹೆಸರು ಎಲ್ಲೂ ಇರಲಿಲ್ಲ.

"ಹೌದಮ್ಮ, ಬರೀಬಾರ್ದಿತ್ತು" ಎಂದೆ. ಚಿಕ್ಕಬಳ್ಳಾಪುರದ ಬಸ್ಸು ಹಿಡಿದು, ಅಲ್ಲಿಂದ ಶಿಡ್ಲಘಟ್ಟಕ್ಕೆ ಬಂದು, ನಮ್ಮ ಮನೆಗೆ ಹೋಗದೆ ನೇರ ಮುನಿವೆಂಕಟಪ್ಪನ ಮನೆಯ ಬಾಗಿಲು ತಟ್ಟಿದೆ.