ಹನ್ನೊಂದನೇ ಮಾರು

ಹಲ್ಲಿಯಣ್ಣನ ಹೆಬ್ಬೆರಳು ಹನ್ನೊಂದನೇ ಮಾರಿಗೆ ನಿಂತಿತು. ಇಪ್ಪತ್ತು ವರ್ಷದಿಂದ ಎತ್ತರದ ಕಟ್ಟಡಗಳ ಗಾಜಿಗೆ ಅಂಟಿಕೊಂಡು ಒರೆಸುತ್ತಿದ್ದವನಿಗೆ ಜೊತೆಯವರು ಇಟ್ಟ ಹೆಸರು ಅದು. ಕಣ್ಣು ಮುಚ್ಚಿ, ಹಗ್ಗವನ್ನು ಬರಿಗೈಯಲ್ಲಿ ಮಾರು ಮಾರಾಗಿ ಎಳೆದು ನೋಡದೆ ಅವನು ಒಂದು ದಿನವೂ ಇಳಿದವನಲ್ಲ. ಹಗ್ಗದ ಮೇಲ್ಹೊದಿಕೆ ನೆಟ್ಟಗಿತ್ತು. ಒತ್ತಿದರೆ ಒಳಗೆಲ್ಲ ಪೊಳ್ಳು.

ಇಳಿಯಲ್ಲ ಎಂದುಬಿಟ್ಟ.

ಮ್ಯಾನೇಜರು ತಾರಸಿಗೆ ಬರುವಾಗಲೇ ಮುಖ ಗಂಟಿಕ್ಕಿತ್ತು. ಮೂರು ಗಂಟೆಗೆ ದೊಡ್ಡವರು ಬರುವವರಿದ್ದರು. ಮುಂಭಾಗದ ಗಾಜಿನ ತುಂಬ ಪಾರಿವಾಳದ ಹಿಕ್ಕೆ. ಎಲ್ಲಿ ಹರಿದಿದೆ ತೋರಿಸು ಎಂದರು. ಹಲ್ಲಿಯಣ್ಣ ಅವರ ಬೆರಳನ್ನೇ ಹಿಡಿದು ಒತ್ತಿಸಿದ. ಸ್ವಲ್ಪ ಮೆತ್ತಗಿದೆ, ಅಷ್ಟೇ ತಾನೆ ಎಂದರು. ಮೆತ್ತಗಿರಬೇಕಾದ್ದು ದಿಂಬು ಸಾರ್, ಹಗ್ಗ ಅಲ್ಲ ಎಂದ ಇವನು.

"ಬಿಡು. ನಿನ್ನ ಷಡ್ಡಕ ಇದಾನಲ್ಲ, ಅವನು ಇಳೀತಾನೆ. ನೀನು ನಾಳೆಯಿಂದ ಬರೋದು ಬೇಡ."

ಷಡ್ಡಕನ ಹೆಂಡತಿ ಹಲ್ಲಿಯಣ್ಣನ ಹೆಂಡತಿಯ ತಂಗಿ. ಅಕ್ಕತಂಗಿಯರು ಫೋನಿನಲ್ಲಿ ಗಂಟೆಗಟ್ಟಲೆ ಹರಟಿದರೂ ಗಂಡಂದಿರಿಗೆ ಮೂರು ವರ್ಷದಿಂದ ಮಾತಿಲ್ಲ. ಮಾವನ ಹಳೇ ಸ್ಕೂಟರು ಯಾರಿಗೆ ಎಂಬಲ್ಲಿ ಶುರುವಾದ ಜಗಳ. ಸ್ಕೂಟರು ಗುಜರಿ ಸೇರಿ ಎಷ್ಟೋ ಕಾಲವಾಗಿತ್ತು, ಸಿಟ್ಟು ಮಾತ್ರ ಇನ್ನೂ ಓಡುತ್ತಿತ್ತು.

ಷಡ್ಡಕನಿಗೆ ಯಾರಿಗೂ ಇಲ್ಲ ಎಂದು ಹೇಳಿ ಗೊತ್ತಿಲ್ಲ. ಕರೆದ ಕೂಡಲೇ ಬಂದ. ಹಲ್ಲಿಯಣ್ಣನ ಕಡೆ ತಿರುಗಿಯೂ ನೋಡದೆ ಸೊಂಟಕ್ಕೆ ಬೆಲ್ಟು ಬಿಗಿಯತೊಡಗಿದ.

ಹಲ್ಲಿಯಣ್ಣನಿಗೆ ಮೈಯೆಲ್ಲ ಉರಿಯಿತು. ಮಾತು ಬಿಟ್ಟ ಮಾತ್ರಕ್ಕೆ ಬಿದ್ದು ಸಾಯಲಿ ಎಂದು ನಿಂತು ನೋಡಲಾದೀತೇ? ಗಾಜಿಗಂಟಿದ ಬಣ್ಣ ಕೆರೆಯುವ ಚಾಕು ಜೇಬಿನಲ್ಲಿತ್ತು. ಹಗ್ಗವನ್ನು ಕಾಲಲ್ಲಿ ಮೆಟ್ಟಿ, ಹನ್ನೊಂದನೇ ಮಾರಿಗೆ ಸರಿಯಾಗಿ ಕೊಯ್ದುಹಾಕಿದ. ಬಾಯಿ ಬಿಟ್ಟ ಹಗ್ಗದೊಳಗಿಂದ ಪುಡಿಯಾದ ಎಳೆಗಳು ಉದುರಿದವು.

ಕಂಪನಿ ಸಾಮಾನು ಹಾಳು ಮಾಡಿದ್ದಕ್ಕೆ ಪೊಲೀಸರನ್ನು ಕರೆಸುತ್ತೇನೆ ಎಂದು ಮ್ಯಾನೇಜರು ಕೂಗಾಡಿದರು.

"ಕರೆಸಿ ಸಾರ್. ಹಗ್ಗ ಇಲ್ಲೇ ಇರುತ್ತೆ, ನಾನೂ ಇಲ್ಲೇ ಇರ್ತೀನಿ. ಅವರೂ ಮುಟ್ಟಿ ನೋಡ್ಲಿ."

ಮ್ಯಾನೇಜರು ಹಲ್ಲಿಯಣ್ಣ ಇನ್ನೂ ಮುಟ್ಟಿ ನೋಡದೆ ಉಳಿದಿದ್ದ ಉದ್ದನೆಯ ತುಂಡನ್ನು ಬೂಟಿನಿಂದ ಷಡ್ಡಕನತ್ತ ತಳ್ಳಿದರು. ಮೇಲಿನ ಐದು ಮಹಡಿಗೆ ಇಷ್ಟೇ ಸಾಕು, ಬೇಗ ಇಳಿ ಎಂದರು.

ಷಡ್ಡಕ ಬಗ್ಗಿ ಹಗ್ಗದ ತುದಿ ಎತ್ತಿಕೊಂಡ. ಉದುರಿದ ಪುಡಿಯನ್ನು ಒಂದು ಗಳಿಗೆ ನೋಡಿದ. ಆಮೇಲೆ ಕಣ್ಣು ಮುಚ್ಚಿ, ನಿಧಾನವಾಗಿ ಎಳೆಯತೊಡಗಿದ. ಒಂದು ಮಾರು, ಎರಡು, ಮೂರು. ಬೇಗ ಬೇಗ ಎಂದು ಮ್ಯಾನೇಜರು ಗಡಿಯಾರ ನೋಡಿಕೊಂಡರು. ನಾಲ್ಕನೇ ಮಾರಿಗೆ ಅವನ ಹೆಬ್ಬೆರಳು ನಿಂತಿತು.

ಕಣ್ಣು ಬಿಟ್ಟ. ಬೆಲ್ಟು ಬಿಚ್ಚಿ ಮ್ಯಾನೇಜರ ಕಾಲ ಬಳಿ ಇಟ್ಟ. ಮೂರು ವರ್ಷದಲ್ಲಿ ಮೊದಲ ಸಲ ಹಲ್ಲಿಯಣ್ಣನ ಕಡೆ ತಿರುಗಿದ.

"ಚಾಕು ಕೊಡಿ ಇಲ್ಲಿ," ಎಂದ.

ಹಲ್ಲಿಯಣ್ಣ ಹಿಡಿಯನ್ನು ಅವನ ಕಡೆ ಮಾಡಿ ಕೊಟ್ಟ.